ಮಗನಿಗೆ 18 ತುಂಬುತ್ತಿದೆ. ಶಾಲೆ ಬಿಟ್ಟ ಮೇಲೆ ಹಗಲು ಹೊತ್ತು ಎಲ್ಲಿ?

ಅರಕಲಗೂಡಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಜೊತೆಗೆ ಬುದ್ಧಿ ಬೆಳವಣಿಗೆಯೂ ನಿಧಾನ. ನಡೆಯೋಕೆ ಆಗುವುದಿಲ್ಲ. ಮಾತು ಬರುವುದಿಲ್ಲ, ಆದರೆ ನಾವು ಹೇಳಿದ್ದು ಬಹಳಷ್ಟು ಅರ್ಥವಾಗುತ್ತದೆ. ಇಷ್ಟು ವರ್ಷ ಒಂದು ವಿಶೇಷ ಶಾಲೆಗೆ ಹೋಗುತ್ತಿದ್ದ. ಬೆಳಗ್ಗೆ ಒಂಬತ್ತಕ್ಕೆ ವ್ಯಾನು ಬರುತ್ತಿತ್ತು, ಸಂಜೆ ನಾಲ್ಕಕ್ಕೆ ತಂದು ಬಿಡುತ್ತಿತ್ತು. ಆ ಹೊತ್ತಿನಲ್ಲಿ ನಾನು ಬ್ಲೌಸ್ ಹೊಲಿಯುತ್ತಿದ್ದೆ. ಮನೆಯ ಅರ್ಧ ಖರ್ಚು ಅದರಲ್ಲೇ ನಡೆಯುತ್ತಿತ್ತು.

ಈ ಜೂನಿಗೆ ಅವನಿಗೆ 18 ತುಂಬುತ್ತದೆ. ಇನ್ನು ಮುಂದೆ ಶಾಲೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ ಎಂದು ಹೇಳಿದ್ದಾರೆ. ಅವರ ಮೇಲೆ ನನಗೆ ಬೇಜಾರಿಲ್ಲ, ಚಿಕ್ಕ ಮಕ್ಕಳು ಕಾಯುತ್ತಿದ್ದಾರೆ. ಆದರೆ ಮುಂದೆ ಏನು? ನಮ್ಮ ಮನೆಯವರು ಬೆಳಗ್ಗೆ ಹೋದರೆ ರಾತ್ರಿಯೇ ಬರುವುದು. ಅತ್ತೆಗೆ ವಯಸ್ಸಾಗಿದೆ, ಅವನನ್ನು ಎತ್ತಿ ಕೂರಿಸೋಕೆ ಅವರ ಕೈಲಿ ಆಗುವುದಿಲ್ಲ. 18 ಆದ ಮೇಲೆ ಯಾವ ಕಾಗದ ಪತ್ರ ಬೇಕು, ಹಗಲು ಹೊತ್ತು ನೋಡಿಕೊಳ್ಳುವ ಕಡೆ ಎಲ್ಲಾದರೂ ಇದೆಯಾ, ಗೊತ್ತಿರುವವರು ದಯವಿಟ್ಟು ಹೇಳಿ.

ಬೆಂಗಳೂರಿನ ಅಪ್ಪ

ಅಕ್ಕ, ನನ್ನ ಮಗಳು ಆಟಿಸಂ ಇರುವವಳು, ಈಗ ಇಪ್ಪತ್ತು ದಾಟಿದ್ದಾಳೆ. ಮೊದಲು ಕಾಗದದ ವಿಷಯ ಹೇಳಿಬಿಡುತ್ತೇನೆ.

18 ತುಂಬುವವರೆಗೆ ತಂದೆ ತಾಯಿಯೇ ಪೋಷಕರು. ತುಂಬಿದ ದಿನದಿಂದಲೇ ಕಾನೂನಿನ ಕಣ್ಣಿಗೆ ಅವನು ವಯಸ್ಕ. ಅವನ ಪರವಾಗಿ ನೀವು ಸಹಿ ಹಾಕಿದರೆ ಬ್ಯಾಂಕಿನವರು, ರಿಜಿಸ್ಟ್ರಾರ್ ಕಚೇರಿಯವರು ಒಪ್ಪುವುದಿಲ್ಲ. ಅದಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಒಂದು ದಾರಿ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಅನ್ವಯಿಸುತ್ತದೆ. ಪ್ರತಿ ಜಿಲ್ಲೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಅಂತ ಇರುತ್ತದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಅಂಗವೈಕಲ್ಯ ಇರುವ ಒಬ್ಬ ವ್ಯಕ್ತಿ, ಹೀಗೆ ಮೂವರು. ನಿಮಗೆ ಹಾಸನದ ಡಿಸಿ ಕಚೇರಿ. ಕೋರ್ಟಿಗೆ ಹೋಗಬೇಕಿಲ್ಲ, ವಕೀಲರೂ ಬೇಡ.

ಅಂಗವೈಕಲ್ಯ ಪ್ರಮಾಣಪತ್ರ, ಹುಟ್ಟಿದ ದಿನಾಂಕದ ದಾಖಲೆ, ನಿಮ್ಮ ಗುರುತಿನ ಚೀಟಿ, ಫೋಟೋ ಇಟ್ಟುಕೊಳ್ಳಿ. ತಂದೆ ತಾಯಿ ಇಬ್ಬರೂ ಸೇರಿ ಅರ್ಜಿ ಹಾಕಬಹುದು. ಒಬ್ಬರ ಹೆಸರಿನಲ್ಲಿ ಮಾತ್ರ ಹಾಕಬೇಡಿ. ನಾಳೆ ಒಬ್ಬರಿಗೆ ಏನಾದರೂ ಆದರೆ ಮತ್ತೆ ಮೊದಲಿನಿಂದ ಓಡಾಡಬೇಕಾಗುತ್ತದೆ. ಇನ್ನೊಂದು ಮಾತು, ಪೋಷಕತ್ವದ ಜೊತೆ ಲೆಕ್ಕವೂ ಬರುತ್ತದೆ. ಅವನ ಹೆಸರಿನಲ್ಲಿ ಆಸ್ತಿ ಇದ್ದರೆ ಆರು ತಿಂಗಳೊಳಗೆ ಅದರ ಪಟ್ಟಿ ಕೊಡಬೇಕು, ಆಮೇಲೆ ವರ್ಷ ವರ್ಷ ಲೆಕ್ಕ ಒಪ್ಪಿಸಬೇಕು. ಇದು ತಲೆನೋವು ಅನಿಸಬಹುದು, ಆದರೆ ಮಕ್ಕಳ ಆಸ್ತಿ ನೆಂಟರ ಪಾಲಾಗದಂತೆ ತಡೆಯುವುದು ಇದೇ.

ಅರಕಲಗೂಡಿನ ಅಮ್ಮ

ತುಂಬಾ ಉಪಕಾರವಾಯಿತು ಸರ್. ಆಧಾರ್ ವಿಷಯ ಒಂದು ಕೇಳಬೇಕು. ಅವನ ಬೆರಳು ಮಡಚಿಕೊಂಡೇ ಇರುತ್ತವೆ. ಎಷ್ಟು ಬಿಡಿಸಿ ಒತ್ತಿದರೂ ಗುರುತು ಕೂರುವುದಿಲ್ಲ. ಕಣ್ಣಿನದ್ದು ತೆಗೆಯೋಣ ಅಂದರೆ ತಲೆ ಒಂದು ಕಡೆ ನಿಲ್ಲುವುದಿಲ್ಲ. ಆಧಾರ್ ಅಪ್‌ಡೇಟ್ ಆಗದೆ ಎಲ್ಲ ಅಲ್ಲೇ ನಿಂತಿದೆ.

ತಿಪಟೂರು ವಿಆರ್‌ಡಬ್ಲ್ಯೂ

ಅಮ್ಮ, ನಾನು ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತ, ವಿಆರ್‌ಡಬ್ಲ್ಯೂ ಅಂತಾರೆ. ನನಗೂ ಪೋಲಿಯೋದಿಂದ ಒಂದು ಕಾಲು ಸರಿ ಇಲ್ಲ. ನಿಮ್ಮ ಪಂಚಾಯಿತಿಯಲ್ಲೂ ನನ್ನಂಥವರು ಒಬ್ಬರು ಇರಬೇಕು. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಒಬ್ಬರು ಇರುತ್ತಾರೆ, ತಾಲ್ಲೂಕು ಪಂಚಾಯಿತಿ ಕಚೇರಿಯಲ್ಲಿ ಕೇಳಿ. ನಮ್ಮ ಕೆಲಸವೇ ಇದು. ಸಂಕೋಚ ಬೇಡ, ಮನೆಗೇ ಕರೆಸಿಕೊಳ್ಳಿ.

ಆಧಾರ್‌ನಲ್ಲಿ ಬಯೋಮೆಟ್ರಿಕ್ ವಿನಾಯಿತಿ ಅಂತ ಇದೆ. ಬೆರಳು, ಕಣ್ಣು ಎರಡೂ ಸಿಗದವರಿಗೆ ಆಪರೇಟರ್ ಅದನ್ನು ಗುರುತು ಮಾಡಿ, ಫೋಟೋ ತೆಗೆದು ಮುಂದುವರಿಸಬಹುದು. ಎಷ್ಟೋ ಆಪರೇಟರ್‌ಗಳಿಗೆ ಇದು ಗೊತ್ತಿಲ್ಲ, "ಆಗಲ್ಲ ಹೋಗಿ" ಅಂದುಬಿಡುತ್ತಾರೆ. ವಿಆರ್‌ಡಬ್ಲ್ಯೂ ಜೊತೆಗಿದ್ದರೆ ಮಾತಿಗೆ ಬೆಲೆ ಬರುತ್ತದೆ.

ಅವನ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ತೆಗೆದು ನೋಡಿ. ತಾತ್ಕಾಲಿಕ ಅಂತ ಇದ್ದರೆ ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ. ಅವಧಿ ಮುಗಿದ ಕಾರ್ಡಿನಿಂದ ಮಾಸಾಶನ ನಿಂತವರನ್ನು ನಾನು ಬಹಳ ನೋಡಿದ್ದೇನೆ. ಮಾಸಾಶನ ಬರುತ್ತಿದೆ ತಾನೆ? ಅಂಗವೈಕಲ್ಯ ಶೇ. 40ರಿಂದ 75ರವರೆಗೆ ಇರುವವರಿಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲ್ಪಟ್ಟವರಿಗೆ ಜಾಸ್ತಿ. ಬರುತ್ತಿಲ್ಲ ಅಂದರೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಇನ್ನೊಂದು, 2024-25ರ ರಾಜ್ಯ ಬಜೆಟ್ಟಿನಲ್ಲಿ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಅಂತ ಘೋಷಿಸಿದರು. ಸೆರೆಬ್ರಲ್ ಪಾಲ್ಸಿ ಆ ಪಟ್ಟಿಯಲ್ಲಿದೆ. ನಿಮಗೆ ಸಲ್ಲಬೇಕಾದದ್ದು ಅದು, ಕೇಳಿ ತಗೊಳ್ಳಿ.

ನಿರಾಮಯ ಆರೋಗ್ಯ ವಿಮೆ ಮಾಡಿಸಿದ್ದೀರಾ? ಅದೂ ನ್ಯಾಷನಲ್ ಟ್ರಸ್ಟಿನದ್ದೇ. ವರ್ಷಕ್ಕೆ 1 ಲಕ್ಷದವರೆಗೆ. ಬೇರೆ ವಿಮೆ ಕಂಪನಿಗಳು ಇಂಥ ಮಕ್ಕಳನ್ನು ಸೇರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತವೆ, ಇದರಲ್ಲಿ ಮೊದಲೇ ವೈದ್ಯಕೀಯ ಪರೀಕ್ಷೆ ಇಲ್ಲ. ಆಸ್ಪತ್ರೆಗೆ ಸೇರಿದರೆ ಮಾತ್ರ ಅಲ್ಲ, ಫಿಸಿಯೋಥೆರಪಿ, ಸ್ಪೀಚ್ ಥೆರಪಿಗೂ ಒಂದು ಮಿತಿಯೊಳಗೆ ಸಿಗುತ್ತದೆ. ದುಡ್ಡು ಮೊದಲು ನಾವು ಕಟ್ಟಿ ಆಮೇಲೆ ಬಿಲ್ಲು ಕಳಿಸಬೇಕು. ಆದ್ದರಿಂದ ಮೆಡಿಕಲ್ ಶಾಪಿನ ಚೀಟಿಯನ್ನೂ ಎಸೆಯಬೇಡಿ.

ಗಾಲಿಕುರ್ಚಿ

ಎಲ್ಲರೂ ಒಳ್ಳೆಯ ಮಾಹಿತಿ ಕೊಟ್ಟಿದ್ದೀರಿ. ಆದರೆ ನನಗೊಂದು ವಿಷಯ ಕಾಡುತ್ತಿದೆ, ಹೇಳಲೇಬೇಕು. ನನಗೂ ಸೆರೆಬ್ರಲ್ ಪಾಲ್ಸಿಯೇ. ಮಾತು ತೊದಲುತ್ತದೆ, ಬುದ್ಧಿಗೆ ಏನೂ ಆಗಿಲ್ಲ. ಚಿಕ್ಕವನಿದ್ದಾಗಿನಿಂದ ನನ್ನ ಮುಂದೆಯೇ ನನ್ನ ಬಗ್ಗೆ ಎಲ್ಲರೂ ಮಾತಾಡಿಕೊಂಡಿದ್ದಾರೆ. ಇಲ್ಲೂ ಇಷ್ಟು ಹೊತ್ತು ಆದದ್ದು ಅದೇ. ಆ ಹುಡುಗನಿಗೆ ಏನು ಇಷ್ಟ ಅಂತ ಯಾರೂ ಕೇಳಲಿಲ್ಲ.

ಪೋಷಕತ್ವ ಅಂದರೆ ಅವನ ಎಲ್ಲ ತೀರ್ಮಾನವೂ ಬೇರೆಯವರ ಕೈಗೆ ಹೋದಂತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೇರೆ ದಾರಿ ಹೇಳುತ್ತದೆ. ಸೀಮಿತ ಪೋಷಕತ್ವ ಅಂತ. ಒಂದು ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ಅವನ ಜೊತೆ ಕೂತು, ಅವನ ಇಷ್ಟ ತಿಳಿದು ತೀರ್ಮಾನ ತೆಗೆದುಕೊಳ್ಳುವುದು. ಮಾತು ಬಾರದವರಿಗೂ ಇಷ್ಟಾನಿಷ್ಟ ಇರುತ್ತದೆ ಅಲ್ವಾ?

ಬೆಂಗಳೂರಿನ ಅಪ್ಪ

ನಿಮ್ಮ ಮಾತು ಒಪ್ಪುತ್ತೇನೆ ಸರ್. ಆದರೆ ನಮ್ಮ ಕಷ್ಟವನ್ನೂ ಸ್ವಲ್ಪ ನೋಡಿ. ನನ್ನ ಮಗಳ ಖಾತೆಯಿಂದ ಅವಳ ಔಷಧಿಗೆ ದುಡ್ಡು ತೆಗೆಯಬೇಕಾದರೆ ಮ್ಯಾನೇಜರ್ ಕೇಳುವುದು ಒಂದೇ ಕಾಗದ. ಸಮಿತಿ ಕೊಟ್ಟ ಪೋಷಕತ್ವದ ಪತ್ರ ತೋರಿಸಿದರೆ ಬ್ಯಾಂಕು ಒಪ್ಪಬೇಕು, ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಸೀಮಿತ ಪೋಷಕತ್ವ ಅಂದರೆ ಅರ್ಧ ಜನಕ್ಕೆ ಏನಂತಲೇ ತಿಳಿಯುವುದಿಲ್ಲ. ಕಾಗದದ ಮೇಲೆ ಪೋಷಕ ನಾನೇ ಆದರೂ ಇವತ್ತು ಯಾವ ಬಟ್ಟೆ, ಯಾವ ತಿಂಡಿ, ಯಾರ ಮನೆಗೆ ಹೋಗಬೇಕು ಅನ್ನುವುದನ್ನೆಲ್ಲ ಅವಳೇ ಹೇಳುತ್ತಾಳೆ. ನಾನು ಬೇಡ ಅಂದರೆ ಅವಳು ಕೇಳುವವಳೂ ಅಲ್ಲ.

ಗಾಲಿಕುರ್ಚಿ

ನಿಮ್ಮ ಮನೆಯಲ್ಲಿ ಹಾಗೆ ನಡೆಯುತ್ತದೆ, ಸಂತೋಷ. ಎಲ್ಲ ಮನೆಯಲ್ಲಿ ನಡೆಯುವುದಿಲ್ಲ. ಜಮೀನು ಭಾಗವಾಗುವಾಗ ಅಂಗವಿಕಲ ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ಮೂಲೆಗೆ ಕೂರಿಸಿದ್ದನ್ನು ನಮ್ಮ ಊರಿನಲ್ಲೇ ಕಂಡಿದ್ದೇನೆ. ಅದಕ್ಕೇ ಹೇಳಿದ್ದು. ಅಮ್ಮ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಮಗನಿಗೆ ಏನು ಇಷ್ಟ?

ಅರಕಲಗೂಡಿನ ಅಮ್ಮ

ಬೇಸರ ಏನೂ ಇಲ್ಲ. ಕೇಳಿದ್ದು ಒಳ್ಳೆಯದಾಯಿತು.

ಅವನಿಗೆ ಬಸ್ಸು ಅಂದರೆ ಪ್ರಾಣ. ಕೆಎಸ್‌ಆರ್‌ಟಿಸಿ ಬಸ್ಸಿನ ಸದ್ದು, ಖಾಸಗಿ ಬಸ್ಸಿನ ಸದ್ದು ಬೇರೆ ಬೇರೆ ಅಂತ ಅವನಿಗೆ ಗೊತ್ತು. ಮನೆ ಮುಂದೆ ಕೂರಿಸಿದರೆ ಕೆಂಪು ಬಸ್ಸು ಬರುವ ಮೊದಲೇ ಕೈ ಎತ್ತುತ್ತಾನೆ. ಬೇಕು ಅಂದರೆ ಮೇಲೆ ನೋಡುತ್ತಾನೆ, ಬೇಡ ಅಂದರೆ ಕಣ್ಣು ಗಟ್ಟಿಯಾಗಿ ಮುಚ್ಚುತ್ತಾನೆ. ಶಾಲೆಯಲ್ಲಿ ಒಬ್ಬರು ಟೀಚರ್ ಇದನ್ನು ಗಮನಿಸಿ ಒಂದು ರಟ್ಟಿನ ಮೇಲೆ ಚಿತ್ರ ಅಂಟಿಸಿ ಕೊಟ್ಟರು. ನೀರು, ಊಟ, ಬಾತ್‌ರೂಮು, ನೋವು, ಹೊರಗೆ ಹೋಗೋಣ. ನಾನು ಒಂದೊಂದೇ ಚಿತ್ರದ ಮೇಲೆ ಬೆರಳು ಇಡುತ್ತೇನೆ, ಸರಿಯಾದದ್ದು ಬಂದಾಗ ಮೇಲೆ ನೋಡುತ್ತಾನೆ. "ಹೊರಗೆ ಹೋಗೋಣ" ಎಂಬ ಚಿತ್ರ ಸವೆದು ಹೋಗಿದೆ, ಅಷ್ಟು ಸಲ ಕೇಳಿದ್ದಾನೆ.

ಮನೆಯಲ್ಲೇ ಇರಬೇಕಾಗಿ ಬಂದರೆ ಅವನು ತಡೆದುಕೊಳ್ಳುವುದಿಲ್ಲ. ಬೇಸಿಗೆ ರಜೆಯಲ್ಲೇ ನೋಡಿದ್ದೇನೆ, ಊಟ ಬಿಡುತ್ತಾನೆ, ಕೈ ಕಚ್ಚಿಕೊಳ್ಳುತ್ತಾನೆ.

ಮೈಸೂರು ಫಿಸಿಯೋ

ಮೇಡಂ, ಆ ರಟ್ಟನ್ನು ಲ್ಯಾಮಿನೇಟ್ ಮಾಡಿಸಿ ಎರಡು ಪ್ರತಿ ಇಟ್ಟುಕೊಳ್ಳಿ. ಅವನು ಎಲ್ಲಿಗೆ ಹೋದರೂ ಅದು ಜೊತೆಗೆ ಹೋಗಲಿ. ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿದರೆ ಬೇಡ ಅಂತ ಅದರ ಹಿಂದೆ ಬರೆದಿಡಿ. ಹೊಸಬರು ಯಾರು ನೋಡಿಕೊಂಡರೂ ಮೊದಲ ದಿನವೇ ಅವನ ಜೊತೆ ಮಾತಾಡಬಹುದು. ಇನ್ನೂ ಮುಂದುವರಿಸಬೇಕೆಂದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಒಮ್ಮೆ ಕರೆದುಕೊಂಡು ಹೋಗಿ. ಮಾತು ಬಾರದವರಿಗೆ ಚಿತ್ರದ ಮೂಲಕ, ಸಾಧನದ ಮೂಲಕ ಸಂವಹನ ಕಲಿಸುವವರು ಅಲ್ಲಿದ್ದಾರೆ. 18 ಆಯಿತು ಅಂತ ಕಲಿಕೆ ನಿಲ್ಲುವುದಿಲ್ಲ.

ನಿಮ್ಮ ಬಗ್ಗೆ ಒಂದು ಪ್ರಶ್ನೆ. ಅವನನ್ನು ನೀವು ಹೇಗೆ ಎತ್ತುತ್ತೀರಿ? ಕಂಕುಳಿಗೆ ಕೈ ಹಾಕಿ ಎತ್ತುತ್ತಿದ್ದರೆ ದಯವಿಟ್ಟು ನಿಲ್ಲಿಸಿ. ಅವನ ಭುಜಕ್ಕೂ ಕೆಟ್ಟದ್ದು, ನಿಮ್ಮ ಸೊಂಟಕ್ಕೂ ಕೆಟ್ಟದ್ದು. ಬೆಳೆದ ಮಗನನ್ನು ಎತ್ತಿ ಎತ್ತಿ ಡಿಸ್ಕ್ ಜಾರಿಸಿಕೊಂಡ ತಾಯಂದಿರು ನನ್ನ ಹತ್ತಿರ ಬರುತ್ತಲೇ ಇರುತ್ತಾರೆ. ಅಮ್ಮ ಹಾಸಿಗೆ ಹಿಡಿದರೆ ಮನೆಯಲ್ಲಿ ಇಬ್ಬರನ್ನು ನೋಡಿಕೊಳ್ಳಬೇಕಾಗುತ್ತದೆ.

ಮೊದಲು ಮಂಚದ ಎತ್ತರ ಮತ್ತು ಗಾಲಿಕುರ್ಚಿಯ ಸೀಟಿನ ಎತ್ತರ ಒಂದೇ ಇರುವಂತೆ ನೋಡಿಕೊಳ್ಳಿ. ಮಂಚ ಎತ್ತರವಿದ್ದರೆ ಬಡಗಿಗೆ ಹೇಳಿ ಕಾಲು ಕೊಯ್ಯಿಸಿ, ತಗ್ಗಿದ್ದರೆ ಕಾಲಿಗೆ ಮರದ ತುಂಡು ಕೊಡಿಸಿ. ಕುರ್ಚಿಯನ್ನು ಮಂಚಕ್ಕೆ ಸ್ವಲ್ಪ ಓರೆಯಾಗಿ ಹತ್ತಿರ ತನ್ನಿ. ಬ್ರೇಕ್ ಹಾಕಿ. ಕಾಲಿಡುವ ಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ಮಂಚದ ಕಡೆಯ ಕೈಪಟ್ಟಿ ಬಿಚ್ಚುವಂಥದ್ದಾದರೆ ಬಿಚ್ಚಿ. ಅವನನ್ನು ಒಂದು ಮಗ್ಗುಲಿಗೆ ಹೊರಳಿಸಿ, ಮೊಣಕಾಲು ಮಡಚಿ, ಆಮೇಲೆ ಎಬ್ಬಿಸಿ ಕೂರಿಸಿ. ಮೈ ಬಿಗಿದುಕೊಂಡು ನೆಟ್ಟಗಾದರೆ ಎಳೆದಾಡಬೇಡಿ. ಸೊಂಟ, ಮೊಣಕಾಲು ನಿಧಾನಕ್ಕೆ ಮಡಚಿ ಹಿಡಿದು ಸ್ವಲ್ಪ ಕಾಯಿರಿ, ಬಿಗಿತ ಇಳಿಯುತ್ತದೆ. ಅಗಲವಾದ ಬೆಲ್ಟನ್ನು ಅವನ ಸೊಂಟಕ್ಕೆ ಕಟ್ಟಿ, ಅದನ್ನು ಹಿಡಿದು, ನಿಮ್ಮ ಬೆನ್ನು ನೇರ ಇಟ್ಟು ಮೊಣಕಾಲು ಬಗ್ಗಿಸಿ ಕುರ್ಚಿಗೆ ಜಾರಿಸಿ. ಇಬ್ಬರಿದ್ದರೆ ಇನ್ನೂ ಒಳ್ಳೆಯದು. ಯಾವುದಕ್ಕೂ ಒಮ್ಮೆ ಹತ್ತಿರದ ಫಿಸಿಯೋ ಎದುರಿಗೆ ಮಾಡಿ ತೋರಿಸಿ, ಅವನ ಮೈಗೆ ತಕ್ಕಂತೆ ತಿದ್ದುತ್ತಾರೆ.

ಕುರ್ಚಿಯಲ್ಲಿ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಬಿಡಬೇಡಿ. ಹಾಸಿಗೆಯಲ್ಲಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆ ಹುಣ್ಣು ಒಮ್ಮೆ ಆದರೆ ಮಾಯಿಸುವುದು ಬಹಳ ಕಷ್ಟ.

ಕೊಕ್ಕಡದ ಕಡೆಯವ

ಹಗಲು ನೋಡಿಕೊಳ್ಳುವ ಕೇಂದ್ರದ ಬಗ್ಗೆ ಕೇಳಿದ್ದೀರಿ. ನಮ್ಮ ಕಡೆ ಅದು ಬಂದ ದಾರಿ ಹೇಳುತ್ತೇನೆ.

ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದರು. 1980ರ ಸುಮಾರಿಗೆ ಶುರುವಾಗಿ 2000ದವರೆಗೆ ನಡೆಯಿತು. ತೋಟದ ಸುತ್ತಮುತ್ತಲ ಮನೆಗಳಲ್ಲಿ ಏಳಲಾಗದ, ಮಾತು ಬಾರದ ಮಕ್ಕಳು ಹುಟ್ಟಿದರು. ಕೆಲವು ಮನೆಯಲ್ಲಿ ಇಬ್ಬರು, ಮೂವರು. ಮದ್ದನ್ನು ರಾಜ್ಯದಲ್ಲಿ ನಿಷೇಧ ಮಾಡಿದ್ದು 2011ರಲ್ಲಿ. ಅಷ್ಟು ಹೊತ್ತಿಗೆ ಆ ಮಕ್ಕಳು ದೊಡ್ಡವರಾಗಿದ್ದರು.

ಮಾಸಾಶನಕ್ಕಾಗಿ ಹೋರಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಮನೆಯವರು ಅಷ್ಟೇ ಗಟ್ಟಿಯಾಗಿ ಕೇಳಿದ್ದು ಇನ್ನೊಂದನ್ನು. ಹಗಲು ಹೊತ್ತು ಈ ಮಕ್ಕಳನ್ನು ನೋಡಿಕೊಳ್ಳುವ ಜಾಗ ಕೊಡಿ, ನಾವು ಕೂಲಿಗೆ ಹೋಗಬೇಕು ಅಂತ. ಕೊನೆಗೆ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದಲ್ಲಿ, ಆಚೆ ಕೊಯಿಲದಲ್ಲಿ ಪಾಲನಾ ಕೇಂದ್ರಗಳು ಬಂದವು. ಬೆಳಗ್ಗೆ ವಾಹನ ಬಂದು ಕರೆದುಕೊಂಡು ಹೋಗುತ್ತದೆ. ಊಟ, ಫಿಸಿಯೋಥೆರಪಿ, ಕೈಲಾದವರಿಗೆ ಏನಾದರೊಂದು ಕೆಲಸ. ಬರುವವರಲ್ಲಿ ಎಷ್ಟೋ ಜನ ಚಿಕ್ಕವರಲ್ಲ, ನಿಮ್ಮ ಮಗನ ವಯಸ್ಸಿನವರು, ಅದಕ್ಕೂ ದೊಡ್ಡವರು.

ದೂರದ ಗುಡ್ಡದ ಮನೆಗಳಿಂದ ಬರೋಕೆ ಈಗಲೂ ಕಷ್ಟ. ಕುರ್ಚಿಯಲ್ಲಿ ಕೂರಲಾಗದೆ ಮಲಗಿದ್ದಲ್ಲೇ ಇರುವವರಿಗೆ ಆ ವಾಹನ ಪ್ರಯೋಜನಕ್ಕೆ ಬರುವುದಿಲ್ಲ. ತಂದೆ ತಾಯಿ ತೀರಿಕೊಂಡ ಮೇಲೆ ರಾತ್ರಿಯೂ ಇರಲು ಶಾಶ್ವತ ಕೇಂದ್ರ ಬೇಕು ಅಂತ ಕೇಳುತ್ತಲೇ ಇದ್ದೇವೆ. ಆದರೂ ಒಂದು ಮಾತು ಹೇಳಬಲ್ಲೆ. ಕೇಂದ್ರ ಬಂದ ಮೇಲೆ ತಾಯಂದಿರು ಮದುವೆ ಮನೆಗೆ ಹೋಗಲು ಶುರು ಮಾಡಿದರು. ಅದಕ್ಕೂ ಮೊದಲು ಅವರನ್ನು ಯಾವ ಕಾರ್ಯಕ್ರಮದಲ್ಲೂ ಕಾಣುತ್ತಿರಲಿಲ್ಲ.

ಶಿರಸಿ ಮೇಷ್ಟ್ರು

ಎಂಡೋಸಲ್ಫಾನ್ ಊರುಗಳಲ್ಲಿ ಒಂದೇ ಕಡೆ ಇಷ್ಟೊಂದು ಜನ ಇದ್ದರು, ಹಿಂದೆ ದೊಡ್ಡ ಹೋರಾಟ ಇತ್ತು, ಆದ್ದರಿಂದ ಆಯಿತು. ಅರಕಲಗೂಡಿನಲ್ಲಿ ಒಂದು ಹಳ್ಳಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಅಲ್ಲಿಗೆ ಸರ್ಕಾರ ಕೇಂದ್ರ ತೆರೆಯುತ್ತದಾ? ಅಲ್ಲಿಯವರೆಗೆ ನಾಲ್ಕೈದು ಅಮ್ಮಂದಿರು ಸೇರಿಕೊಂಡು ಸರದಿಯಲ್ಲಿ ನೋಡಿಕೊಳ್ಳಬಹುದಲ್ಲ. ಇವತ್ತು ನಿಮ್ಮ ಮನೆ, ನಾಳೆ ಅವರ ಮನೆ. ಯಾರನ್ನೂ ಕಾಯಬೇಕಿಲ್ಲ.

ಹಾವೇರಿಯ ತಾಯಿ

ಮೇಷ್ಟ್ರೇ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದೀರಿ. ಆದರೆ ಮತ್ತೆ ಅಮ್ಮಂದಿರೇ ಯಾಕೆ? ಒಬ್ಬ ಮಗಳನ್ನು ನೋಡಿಕೊಂಡು ಸಾಕಾಗಿರುವವಳು ಇನ್ನು ನಾಲ್ಕು ಮಕ್ಕಳನ್ನು ನೋಡಬೇಕೇ? ಒಬ್ಬರಿಗೆ ಫಿಟ್ಸ್ ಬಂದರೆ ಉಳಿದವರನ್ನು ಯಾರು ಹಿಡಿಯುತ್ತಾರೆ? ಸಂಬಳ ಇಲ್ಲ, ತರಬೇತಿ ಇಲ್ಲ, ಏನಾದರೂ ಆದರೆ ಬೈಗುಳ ಮಾತ್ರ ನಮಗೆ.

ಮಗಳಿದ್ದರೆ ಇನ್ನೂ ಬೇರೆ ಚಿಂತೆ. ನನ್ನ ಮಗಳಿಗೆ ಮುಟ್ಟು ಶುರುವಾದಾಗ ನೆಂಟರಲ್ಲಿ ಹಿರಿಯರೊಬ್ಬರು, "ಗರ್ಭಕೋಶ ತೆಗೆಸಿಬಿಡು, ನಿನಗೂ ನಿಶ್ಚಿಂತೆ" ಎಂದರು. ನಾನು ಒಪ್ಪಲಿಲ್ಲ. ಅವಳಿಗೆ ಯಾವ ಕಾಯಿಲೆಯೂ ಇಲ್ಲದಿರುವಾಗ ಯಾಕೆ ಕತ್ತರಿಸಬೇಕು? ಆಮೇಲೆ ಗೊತ್ತಾಯಿತು, 2016ರ ಕಾಯ್ದೆ ಇದನ್ನೇ ಹೇಳುತ್ತದೆ. ತಿಳಿದು ಒಪ್ಪದ ಹೊರತು ಮಕ್ಕಳಾಗದಂತೆ ಮಾಡುವ ಯಾವ ಚಿಕಿತ್ಸೆಯನ್ನೂ ಅಂಗವಿಕಲರಿಗೆ ಮಾಡುವ ಹಾಗಿಲ್ಲ. ಅವಳಿಗೆ ಪ್ಯಾಡ್ ಬದಲಿಸುವುದನ್ನು ಗೊಂಬೆ ಇಟ್ಟುಕೊಂಡು ಕಲಿಸಿದೆ. ನಿಧಾನವಾಗಿ ಕಲಿತಳು, ಈಗ ಬಹುಪಾಲು ತಾನೇ ಮಾಡಿಕೊಳ್ಳುತ್ತಾಳೆ.

ಆದ್ದರಿಂದ ಯಾವ ಕೇಂದ್ರ ಬಂದರೂ ಅಲ್ಲಿ ಹೆಣ್ಣುಮಕ್ಕಳಿಗೆ ಮಹಿಳಾ ಸಹಾಯಕಿಯೇ ಬೇಕು, ಬಾಗಿಲು ಹಾಕಿಕೊಳ್ಳುವ ಶೌಚಾಲಯ ಬೇಕು. ವ್ಯಾನಿನಲ್ಲಿ ಡ್ರೈವರ್ ಒಬ್ಬರೇ ಇದ್ದರೆ ನಾನು ಮಗಳನ್ನು ಹತ್ತಿಸುವುದಿಲ್ಲ. ಇವೆಲ್ಲ ಇಲ್ಲದೆ ಕಟ್ಟಡ ಒಂದು ಕಟ್ಟಿ ಟೇಪ್ ಕತ್ತರಿಸಿದರೆ ನಮಗೆ ಉಪಯೋಗವಿಲ್ಲ.

ಶಿರಸಿ ಮೇಷ್ಟ್ರು

ನೀವು ಹೇಳಿದ ಮೇಲೆ ಕಣ್ಣಿಗೆ ಕಟ್ಟಿತು ತಾಯಿ. ಸಂಬಳ ಕೊಟ್ಟು, ಕಲಿಸಿ ಇಟ್ಟುಕೊಂಡ ಸಹಾಯಕರೇ ಬೇಕು. ಹಾಗಾದರೆ ಪ್ರಶ್ನೆ ಇರುವುದು ದುಡ್ಡು ಎಲ್ಲಿಂದ ಅನ್ನುವುದು.

ಅಣ್ಣನ ತಂಗಿ

ದುಡ್ಡಿನ ಮಾತಿಗೆ ಬರುವ ಮುಂಚೆ ನನ್ನದೊಂದು ಮಾತು. ನಾನು ಅಮ್ಮ ಅಲ್ಲ, ತಂಗಿ. ನನ್ನ ಅಣ್ಣನಿಗೆ ಬೌದ್ಧಿಕ ಅಂಗವೈಕಲ್ಯ. ಚಿಕ್ಕವಳಿದ್ದಾಗಿನಿಂದ ಮನೆಗೆ ಬಂದವರೆಲ್ಲ "ಮುಂದೆ ನೀನೇ ತಾನೆ ನೋಡಿಕೊಳ್ಳಬೇಕು" ಅಂದಿದ್ದಾರೆ. ಅಣ್ಣ ಅಂದರೆ ನನಗೆ ಬಹಳ ಪ್ರೀತಿ. ಆದರೆ ಯಾರೂ ನನ್ನನ್ನು ಕೇಳಲಿಲ್ಲ, ಹೇಳಿದರು ಅಷ್ಟೆ. ಮದುವೆಯ ಮಾತು ಬಂದಾಗ ಅಣ್ಣನ ವಿಷಯ ಮುಚ್ಚಿಡು ಎಂದರು. ನಾನು ಮುಚ್ಚಿಡಲಿಲ್ಲ. ಎರಡು ಸಂಬಂಧ ತಪ್ಪಿತು, ಮೂರನೆಯವರು ಅಣ್ಣನ ಜೊತೆ ಕೂತು ಕ್ರಿಕೆಟ್ ನೋಡಿದರು. ಅವರನ್ನೇ ಮದುವೆಯಾದೆ.

ತಂದೆ ತಾಯಿಯರಲ್ಲಿ ನನ್ನ ವಿನಂತಿ. ಮುಂದೆ ಏನು ಅನ್ನುವುದನ್ನು ಉಳಿದ ಮಕ್ಕಳ ಜೊತೆ ಕೂತು ಮಾತಾಡಿ. ಅವನ ಔಷಧಿ ಯಾವುದು, ಯಾವ ಡಾಕ್ಟರ್, ಯಾವ ಖಾತೆ, ಯಾವುದಕ್ಕೆ ಹೆದರುತ್ತಾನೆ, ರಾತ್ರಿ ಯಾವ ಹೊದಿಕೆ ಬೇಕು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಮ್ಮ ಅಮ್ಮನ ತಲೆಯಲ್ಲಿದ್ದದ್ದು ಅವರ ಜೊತೆಯೇ ಹೋಯಿತು. ಅಣ್ಣ ಸಾರು ಅನ್ನ ಬಿಟ್ಟು ಬೇರೆ ಏನೂ ಮುಟ್ಟದೆ ಇದ್ದದ್ದು ಯಾಕೆ ಅಂತ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಗಟ್ಟಿ ಪದಾರ್ಥ ಅವನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು.

ಕೇಂದ್ರ ಸರ್ಕಾರದ ನೌಕರಿಯಲ್ಲಿ ಇರುವವರು, ಇದ್ದವರು ಇನ್ನೊಂದು ನೋಡಿಕೊಳ್ಳಿ. ತಾನಾಗಿ ದುಡಿದು ಬದುಕಲಾಗದ ಅಂಗವಿಕಲ ಮಗನಿಗೆ, ಮಗಳಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುತ್ತದೆ. ನೀವು ಇರುವಾಗಲೇ ಅವರ ಹೆಸರು ದಾಖಲೆಯಲ್ಲಿ ಸೇರಿಸಿದರೆ ಹಿಂದೆ ಉಳಿದವರಿಗೆ ಅಲೆದಾಟ ತಪ್ಪುತ್ತದೆ.

ಅರಕಲಗೂಡಿನ ಅಕ್ಕ, ನಿಮಗೆ ರಾತ್ರಿ ನಿದ್ದೆ ಬರುತ್ತಿದೆಯಾ? ಮನಸ್ಸು ಭಾರವಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನ ಕಾಯಿಲೆ ಹೆಚ್ಚಾದಾಗ ನಾನು ಮಾಡಿದ್ದೆ.

ಅರಕಲಗೂಡಿನ ಅಮ್ಮ

ನಿದ್ದೆ ಕಡಿಮೆಯೇ ತಂಗಿ. ನೋಟ್‌ಬುಕ್ ಇವತ್ತೇ ಶುರು ಮಾಡುತ್ತೇನೆ. ನನ್ನ ಮಗಳು ಒಂಬತ್ತನೇ ಕ್ಲಾಸು. ಅವಳಿಗೂ ಎಲ್ಲರೂ ಅದೇ ಮಾತು ಹೇಳುತ್ತಾರೆ. ಇನ್ನು ಮೇಲೆ ನನ್ನೆದುರು ಹೇಳೋಕೆ ಬಿಡುವುದಿಲ್ಲ.

ತಿಪಟೂರು ವಿಆರ್‌ಡಬ್ಲ್ಯೂ

ಮೇಷ್ಟ್ರು ಕೇಳಿದ ದುಡ್ಡಿನ ಪ್ರಶ್ನೆಗೆ ಬರೋಣ. ಗ್ರಾಮ ಪಂಚಾಯಿತಿ ತನ್ನ ನಿಧಿಯಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ಎತ್ತಿಡಬೇಕು. ಪಟ್ಟಣ ಪಂಚಾಯಿತಿ, ಪುರಸಭೆಗಳಿಗೂ ಇದು ಇದೆ. ಹೆಚ್ಚಿನ ಕಡೆ ಈ ದುಡ್ಡಿನಲ್ಲಿ ಒಂದಷ್ಟು ಜನಕ್ಕೆ ಸಲಕರಣೆ ಕೊಟ್ಟು, ಫೋಟೋ ತೆಗೆದು, ವರ್ಷದ ಲೆಕ್ಕ ಮುಗಿಸುತ್ತಾರೆ. ಕೊಟ್ಟದ್ದು ಬೇಡ ಅನ್ನುವುದಿಲ್ಲ. ಆದರೆ ಮೇಲೇಳಲಾಗದ ಹುಡುಗನ ಮನೆಗೆ ಇನ್ನೊಂದು ಸೋಲಾರ್ ದೀಪ ಕೊಟ್ಟರೆ ಅವನ ತಾಯಿಗೆ ಹೊಲಿಗೆ ಮಾಡೋಕೆ ಬಿಡುವು ಸಿಗುತ್ತದಾ?

ಒಂದು ಪಂಚಾಯಿತಿಯ ಶೇ. 5ರಲ್ಲಿ ಕೇಂದ್ರ ನಡೆಸಲಾಗುವುದಿಲ್ಲ, ಅದು ನಿಜ. ಅಕ್ಕಪಕ್ಕದ ನಾಲ್ಕೈದು ಪಂಚಾಯಿತಿ ಮತ್ತು ಪಟ್ಟಣದ್ದು ಸೇರಿದರೆ ಇಬ್ಬರು ಸಹಾಯಕರ ಸಂಬಳ, ವಾಹನದ ಡೀಸೆಲ್ ಹುಟ್ಟುತ್ತದೆ. ಜಾಗಕ್ಕೆ ಹೊಸ ಕಟ್ಟಡ ಬೇಡ. ಮಕ್ಕಳಿಲ್ಲದೆ ಮುಚ್ಚಿದ ಸರ್ಕಾರಿ ಶಾಲೆ ಕಟ್ಟಡ ಯಾವ ತಾಲ್ಲೂಕಿನಲ್ಲಿ ಇಲ್ಲ ಹೇಳಿ. ಶಿಕ್ಷಣ ಇಲಾಖೆಯ ಒಪ್ಪಿಗೆ ಬೇಕು, ಅಷ್ಟೆ.

ಇದನ್ನು ಕೇಳಬೇಕಾದ ಜಾಗ ವಿಕಲಚೇತನರ ಸಮನ್ವಯ ಗ್ರಾಮಸಭೆ. ಅಂಗವಿಕಲರಿಗೆ ಅಂತಲೇ ನಡೆಸುವ ಸಭೆ ಅದು. ಯಾವಾಗ ಅಂತ ಪಿಡಿಒ ಅವರನ್ನು ಲಿಖಿತವಾಗಿ ಕೇಳಿ. ಸಭೆಗೆ ಮಗನನ್ನೂ ಕರೆದುಕೊಂಡು ಬನ್ನಿ, ಆ ರಟ್ಟೂ ಇರಲಿ. ಬೇರೆ ಮನೆಗಳ ನಾಲ್ಕು ಜನ ಜೊತೆಗೆ ಬಂದರೆ ಸಾಕು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ನಡಾವಳಿ ಪುಸ್ತಕದಲ್ಲಿ ಬರೆಯಿಸಿ, ಅದರ ನಕಲು ತಗೊಳ್ಳಿ. ನಡಾವಳಿಯಲ್ಲಿ ಬರೆಯದೆ ಹೋದರೆ ಸಭೆಯಲ್ಲಿ ಎಷ್ಟು ಕೂಗಿದರೂ ಅದು ದಾಖಲೆಯೇ ಅಲ್ಲ.

ಬೆಂಗಳೂರಿನ ಅಪ್ಪ

ಇದಕ್ಕೆ ಸೇರಿಸುವುದು ಎರಡೇ ಮಾತು. ಕೇಂದ್ರ ನಡೆಸುವ ಅನುಭವ ಇರುವವರ ಜೊತೆ ಮೊದಲೇ ಮಾತಾಡಿ. ಬೆಂಗಳೂರಿನಲ್ಲಿ ಎಪಿಡಿ ಎಂಬ ಅಂಗವಿಕಲರ ಸಂಸ್ಥೆ 1959ರಿಂದ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಕೆಲಸ ಮಾಡುತ್ತಿವೆ. ಸಹಾಯಕರಿಗೆ ತರಬೇತಿ ಎಲ್ಲಿ ಸಿಗುತ್ತದೆ ಅಂತ ಅಲ್ಲಿ ಕೇಳಬಹುದು. ಓಡಾಟಕ್ಕೆ ಬಸ್ ಪಾಸ್ ಮಾಡಿಸಿ. ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ ನಡೆಯುತ್ತದೆ, ಸೇವಾಸಿಂಧುವಿನಲ್ಲಿ ಅರ್ಜಿ. ನಿಮಗೆ ಶಕ್ತಿ ಯೋಜನೆ ಇದ್ದೇ ಇದೆ. ರೈಲಿನಲ್ಲಿ ಹೋಗುವುದಾದರೆ ಅವನಿಗೂ ಜೊತೆಗಿರುವ ಒಬ್ಬರಿಗೂ ರಿಯಾಯಿತಿ ಉಂಟು, ಅದಕ್ಕೆ ರೈಲ್ವೆಯದೇ ಗುರುತಿನ ಚೀಟಿ ಬೇಕು. ಮನೆಯವರು ಆದಾಯ ತೆರಿಗೆ ಕಟ್ಟುವವರಾದರೆ ಹಳೆಯ ಪದ್ಧತಿಯಲ್ಲಿ ಅಂಗವಿಕಲ ಅವಲಂಬಿತರ ಆರೈಕೆಗೆ ಅಂತ 75,000, ಅಂಗವೈಕಲ್ಯ ಶೇ. 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿಯನ್ನು ಆದಾಯದಿಂದ ಕಳೆಯಬಹುದು.

ಅರಕಲಗೂಡಿನ ಅಮ್ಮ

ನಮ್ಮ ವಿಆರ್‌ಡಬ್ಲ್ಯೂ ಸಿಕ್ಕಿದರು. ನಮ್ಮ ಪಂಚಾಯಿತಿ ಮತ್ತು ಪಕ್ಕದ ಎರಡು ಪಂಚಾಯಿತಿಗಳಲ್ಲಿ 18 ದಾಟಿ ಮನೆಯಲ್ಲೇ ಇರುವವರ ಹೆಸರು ಬರೆದುಕೊಟ್ಟರು. ನಾನು ಅಂದುಕೊಂಡಿದ್ದಕ್ಕಿಂತ ಬಹಳ ಜನ ಇದ್ದಾರೆ. ನಮ್ಮ ಹಿಂದಿನ ಬೀದಿಯಲ್ಲೇ ಒಬ್ಬ ಹುಡುಗಿ ಇದ್ದಾಳೆ, ನನಗೆ ಗೊತ್ತೇ ಇರಲಿಲ್ಲ. ಅವಳ ತಾಯಿಯ ಜೊತೆ ಮಾತಾಡಿದೆ, ಸಭೆಗೆ ಬರುತ್ತಾರಂತೆ.

ಅರ್ಜಿ ಹೀಗೆ ಬರೆದಿದ್ದೇನೆ, ಸರಿ ಇದೆಯಾ ನೋಡಿ.

"ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳಿಗೆ. ನಮ್ಮ ವಿಕಲಚೇತನ ಮಕ್ಕಳಿಗೆ 18 ವರ್ಷದ ನಂತರ ಶಾಲೆ ಇಲ್ಲ. ಹಗಲು ಹೊತ್ತು ನೋಡಿಕೊಳ್ಳಲು ಯಾವ ವ್ಯವಸ್ಥೆಯೂ ಇಲ್ಲದ ಕಾರಣ ತಾಯಂದಿರು ಕೆಲಸ ಬಿಡಬೇಕಾಗಿದೆ. ಶೇ. 5ರ ನಿಧಿಯಲ್ಲಿ ಅಕ್ಕಪಕ್ಕದ ಪಂಚಾಯಿತಿಗಳೊಂದಿಗೆ ಸೇರಿ ಒಂದು ಹಗಲು ಪಾಲನಾ ಕೇಂದ್ರ ನಡೆಸಬೇಕೆಂದು ಕೋರುತ್ತೇವೆ. ಖಾಲಿ ಇರುವ ಶಾಲಾ ಕಟ್ಟಡ ಬಳಸಬಹುದು. ಸಂಬಳದ ಮೇಲೆ ಒಬ್ಬ ಮಹಿಳಾ ಸಹಾಯಕಿ, ಒಬ್ಬ ಪುರುಷ ಸಹಾಯಕ, ಕರೆತರಲು ವಾಹನ, ವಾಹನದಲ್ಲಿ ಚಾಲಕನ ಜೊತೆ ಒಬ್ಬ ಸಹಾಯಕಿ ಬೇಕು. ಈ ವಿಷಯವನ್ನು ಸಮನ್ವಯ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಬೇಕು."

ಹಾವೇರಿಯ ತಾಯಿ

ಶೌಚಾಲಯ ಬಿಟ್ಟುಹೋಗಿದೆ ಅಕ್ಕ. ಗಾಲಿಕುರ್ಚಿ ಒಳಗೆ ಹೋಗುವಷ್ಟು ಅಗಲದ ಬಾಗಿಲು, ಒಳಗೆ ಹಿಡಿದುಕೊಳ್ಳಲು ಕಂಬಿ, ಹೆಣ್ಣುಮಕ್ಕಳಿಗೆ ಬೇರೆ. ಹಳೆಯ ಶಾಲೆ ಕಟ್ಟಡ ಅಂದರೆ ಮೆಟ್ಟಿಲು ಇದ್ದೇ ಇರುತ್ತದೆ, ಇಳಿಜಾರು ಬೇಕು ಅಂತಲೂ ಸೇರಿಸಿ.

ಗಾಲಿಕುರ್ಚಿ

"ಮಕ್ಕಳಿಗೆ" ಅಂತ ಬರೆದಿದ್ದೀರಿ, "ಯುವಕ ಯುವತಿಯರಿಗೆ" ಅಂತ ಬದಲಿಸಿ. ಮಕ್ಕಳು ಅಂದರೆ ಅಂಗನವಾಡಿಗೆ ಕಳಿಸಿ ಅನ್ನುತ್ತಾರೆ. ಕೆಳಗೆ ಸಹಿ ಹಾಕುವಾಗ ತಂದೆ ತಾಯಿಯರದು ಮಾತ್ರ ಬೇಡ. ನಿಮ್ಮ ಮಗನ ಹೆಬ್ಬೆಟ್ಟು ಮೊದಲು ಇರಲಿ. ಅದಕ್ಕೂ ಮುಂಚೆ ರಟ್ಟಿನಲ್ಲಿ ಒಂದು ಬಸ್ಸಿನ ಚಿತ್ರ, ಒಂದು ಮನೆಯ ಚಿತ್ರ ಅಂಟಿಸಿ, ಎಲ್ಲಿಗೆ ಅಂತ ಅವನನ್ನೇ ಕೇಳಿ. ಅವನು ಹೇಳಿದ್ದನ್ನೂ ಅರ್ಜಿಯಲ್ಲಿ ಬರೆಯಿರಿ.

ಅರಕಲಗೂಡಿನ ಅಮ್ಮ

ಎಲ್ಲ ಸೇರಿಸಿದೆ. ಅವನನ್ನು ಕೇಳಿದ್ದೂ ಆಯಿತು, ಬಸ್ಸಿನ ಚಿತ್ರಕ್ಕೇ ಮೇಲೆ ನೋಡಿದ. ಬೆರಳು ಬಿಡಿಸಿ ಹೆಬ್ಬೆಟ್ಟು ಒತ್ತಿಸಿದ್ದೇವೆ, ಸ್ವಲ್ಪ ಕಲಸಿಕೊಂಡಿದೆ. ಹಾಗೇ ಕೊಡಬಹುದಾ?

ತಿಪಟೂರು ವಿಆರ್‌ಡಬ್ಲ್ಯೂ

ಕೊಡಬಹುದು ಅಮ್ಮ. ಪಕ್ಕದಲ್ಲಿ ಅವನ ಹೆಸರು, ಯುಡಿಐಡಿ ಸಂಖ್ಯೆ ಬರೆಯಿರಿ. ಇಬ್ಬರು ಸಾಕ್ಷಿ ಸಹಿ ಹಾಕಲಿ. ಎರಡು ಪ್ರತಿ ತೆಗೆದುಕೊಂಡು ಹೋಗಿ, ಒಂದರ ಮೇಲೆ ಪಂಚಾಯಿತಿಯ ಸೀಲು, ತಾರೀಖು ಹಾಕಿಸಿಕೊಂಡು ವಾಪಸ್ ತನ್ನಿ. ಅದರ ಫೋಟೋ ಇಲ್ಲಿ ಹಾಕಿ, ನಮ್ಮ ತಿಪಟೂರಿನಲ್ಲೂ ಇದೇ ಅರ್ಜಿ ಕೊಡುತ್ತೇವೆ.